ಲ್ಯಾಪ್‌ಟಾಪ್ ಕಾಯಿಸುವುದು ಎಲ್ಲಿ?

‘15.6 ಇಂಚು ಫುಲ್ ಎಚ್‌ಡಿ, ರೈಜೆನ್ 5, 8 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ, ತೆಳು, ಹಗುರ.’ ಮೂವತ್ತೈದು ನಲವತ್ತು ಸಾವಿರದ ಆಸುಪಾಸಿನಲ್ಲಿ ಒಂದು ಲ್ಯಾಪ್‌ಟಾಪ್ ಬೇಕೆಂದು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅಂಗಡಿ ಅಂಗಡಿ ಹತ್ತಿಳಿದರೂ ಸರಿ, ಮನೆಯಲ್ಲೇ ಕೂತು ಮೊಬೈಲಿನಲ್ಲಿ ಜಾಲಾಡಿದರೂ ಸರಿ, ಕಣ್ಣಿಗೆ ಬೀಳುವುದು ಹೆಚ್ಚುಕಮ್ಮಿ ಇದೇ ಸಾಲು. ಹತ್ತು ಮಾಡೆಲ್‌ಗಳಿಗೂ ಒಂದೇ ಜಾತಕ. ಕೊಂಡು ಎರಡು ವರ್ಷವಾದ ಮೇಲೆ ನೋಡಿ: ಒಂದು ಇನ್ನೂ ಚುರುಕಾಗಿದೆ, ಇನ್ನೊಂದರಲ್ಲಿ ಪರೀಕ್ಷೆಯ ಅರ್ಜಿ ತುಂಬಲು ಬ್ರೌಸರ್ ತೆರೆದರೆ ಚಕ್ರ ಸುತ್ತುತ್ತಲೇ ಇದೆ. ಬೆಲೆ ಇಳಿಸಲು ಕಂಪನಿ ಎಲ್ಲೆಲ್ಲಿ ಕೈ ಬಿಗಿ ಹಿಡಿದಿದೆ ಎಂಬುದರಲ್ಲಿದೆ ಗುಟ್ಟು. ಆ ಜಾಗಗಳನ್ನು ಜಾಹೀರಾತಿನ ಸಾಲು ಹೇಳುವುದಿಲ್ಲ.

ಕೊಳ್ಳುವವರು ಮೊದಲು ಕೇಳುವುದು ‘ಪ್ರಾಸೆಸರ್ ಯಾವುದು?’ ಎಂದು. ಕೇಳಬೇಕಾದ್ದೇ, ಆದರೆ ಮೊದಲಲ್ಲ. ಪತ್ರ ಟೈಪು ಮಾಡುವುದು, ಎಕ್ಸೆಲ್‌ನಲ್ಲಿ ಲೆಕ್ಕ ಬರೆಯುವುದು, ಯೂಟ್ಯೂಬ್ ನೋಡುವುದು, ಕರೆಂಟ್ ಬಿಲ್ ಕಟ್ಟುವುದು ಇಂಥ ಕೆಲಸಗಳಲ್ಲಿ ಇಂದಿನ ಸಾಧಾರಣ ಪ್ರಾಸೆಸರ್ ಕೂಡ ಹೆಚ್ಚಿನ ಹೊತ್ತು ಬಿಡುವಾಗಿಯೇ ಇರುತ್ತದೆ. ಇಂಟೆಲ್‌ನ ಐ3-1215ಯು ಚಿಪ್ಪನ್ನೇ ತೆಗೆದುಕೊಳ್ಳಿ. ಅದರ ಗರಿಷ್ಠ ವೇಗ 4.4 ಗಿಗಾಹರ್ಟ್ಸ್, ಅಂದರೆ ಸೆಕೆಂಡಿಗೆ 440 ಕೋಟಿ ಮಿಡಿತ. ಅದಕ್ಕೆ ಬೇಕಾದ ಒಂದು ಮಾಹಿತಿ ರ‍್ಯಾಮಿನಿಂದ ಬಂದು ತಲುಪಲು ಸುಮಾರು 100 ನ್ಯಾನೊಸೆಕೆಂಡ್ ಹಿಡಿಯುತ್ತದೆ. ಅಷ್ಟರಲ್ಲಿ ಚಿಪ್ಪು 440 ಸಲ ಮಿಡಿದಿರುತ್ತದೆ. ಈ ಕಾಯುವಿಕೆಯನ್ನು ತಗ್ಗಿಸಲೆಂದೇ ಪ್ರಾಸೆಸರಿನ ಒಡಲಲ್ಲಿ ಕ್ಯಾಶ್ ಎಂಬ ಪುಟ್ಟ ಉಗ್ರಾಣವಿದೆ. ಆದರೆ ಅದರ ಅಳತೆ ಮೆಗಾಬೈಟ್‌ಗಳಲ್ಲಿ, ನಮ್ಮ ಕೆಲಸದ ಅಳತೆ ಗಿಗಾಬೈಟ್‌ಗಳಲ್ಲಿ.

ರ‍್ಯಾಮಿನಲ್ಲಿ ಇಲ್ಲದ್ದನ್ನು ಡಿಸ್ಕಿನಿಂದ ತರಬೇಕಾಗಿ ಬಂದಾಗ ಕಥೆ ಬೇರೆಯೇ. ಎಸ್‌ಎಸ್‌ಡಿ ಆದರೆ 100 ಮೈಕ್ರೊಸೆಕೆಂಡ್ ಸುಮಾರು, ತಿರುಗುವ ಹಳೆಯ ಹಾರ್ಡ್ ಡಿಸ್ಕ್ ಆದರೆ ಹತ್ತು ಮಿಲಿಸೆಕೆಂಡಿಗೂ ಮೇಲೆ. ಇಷ್ಟು ಸಣ್ಣ ಕಾಲಗಳು ನಮ್ಮ ಅಂದಾಜಿಗೆ ಸಿಗುವುದಿಲ್ಲ, ಹಿಗ್ಗಿಸಿ ನೋಡೋಣ. ರ‍್ಯಾಮಿನಿಂದ ತರುವ ಹೊತ್ತು ಒಂದು ಸೆಕೆಂಡ್ ಎಂದುಕೊಂಡರೆ, ಎಸ್‌ಎಸ್‌ಡಿಯಿಂದ ತರಲು ಹದಿನಾರು ನಿಮಿಷಕ್ಕೂ ಮೇಲೆ ಬೇಕು. ಹಾರ್ಡ್ ಡಿಸ್ಕಿನಿಂದ ತರಲು? ಇವತ್ತು ಬೆಳಗಿನ ತಿಂಡಿ ಹೊತ್ತಿಗೆ ಹೇಳಿ ಕಳಿಸಿದ್ದು ನಾಳೆ ಮಧ್ಯಾಹ್ನದ ಊಟಕ್ಕೆ ಬಂದಂತೆ.

ಹಾರ್ಡ್ ಡಿಸ್ಕ್ ಅಷ್ಟು ನಿಧಾನವಾಗಲು ಕಾರಣ ಅದು ನಿಜಕ್ಕೂ ಒಂದು ಯಂತ್ರ. ಲ್ಯಾಪ್‌ಟಾಪ್‌ಗಳಲ್ಲಿ ಬರುತ್ತಿದ್ದ ಡಿಸ್ಕಿನ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 5,400 ಸುತ್ತು ತಿರುಗುತ್ತಿತ್ತು, ಒಂದು ಸುತ್ತಿಗೆ 11 ಮಿಲಿಸೆಕೆಂಡ್. ಬೇಕಾದ ಜಾಗ ಓದುವ ಸೂಜಿಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಸೂಜಿ ಪಕ್ಕಕ್ಕೆ ಸರಿಯುವ ಹೊತ್ತು ಬೇರೆ. ಚದುರಿಬಿದ್ದ ಸಣ್ಣ ಫೈಲುಗಳನ್ನು ಓದುವಾಗ ಅದು ಸೆಕೆಂಡಿಗೆ ನೂರನ್ನೂ ಮುಟ್ಟುವುದಿಲ್ಲ. ಶುರುವಾಗುವಾಗ ವಿಂಡೋಸ್ ಓದುವುದೇ ಅಂಥ ಸಾವಿರಾರು ಫೈಲುಗಳನ್ನು. ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದ ಹಳೆಯ ಲ್ಯಾಪ್‌ಟಾಪಿಗೆ ಮರುಜನ್ಮ ಬಂತೆಂದು ಜನ ಹೇಳುವುದು ಉತ್ಪ್ರೇಕ್ಷೆಯೇನಲ್ಲ. ಕಡಿಮೆ ಖರ್ಚಿನಲ್ಲಿ ಅಷ್ಟು ಫಲ ಕೊಡುವ ರಿಪೇರಿ ಕಂಪ್ಯೂಟರಿನಲ್ಲಿ ಇನ್ನೊಂದಿಲ್ಲ.

ಈಗ ರ‍್ಯಾಮಿಗೆ ಬರೋಣ. ನನ್ನ ಮಟ್ಟಿಗೆ ಅಗ್ಗದ ಲ್ಯಾಪ್‌ಟಾಪಿನ ಹಣೆಬರಹ ಇರುವುದು ಇಲ್ಲೇ. ಐಬಿಎಂನ ರಾಬರ್ಟ್ ಡೆನ್ನಾರ್ಡ್ 1968ರಲ್ಲಿ ಪೇಟೆಂಟ್ ಪಡೆದ ವಿನ್ಯಾಸವೇ ಇಂದಿಗೂ ಅದರ ಮೂಲ: ಒಂದು ಟ್ರಾನ್ಸಿಸ್ಟರ್, ಒಂದು ಕೆಪಾಸಿಟರ್ ಸೇರಿ ಒಂದು ಬಿಟ್. 8 ಜಿಬಿ ಎಂದರೆ ಇಂಥ ಸುಮಾರು 6,870 ಕೋಟಿ ಕೆಪಾಸಿಟರ್‌ಗಳು. ಒಂದೊಂದರಲ್ಲೂ ಚೂರೇ ಚೂರು ವಿದ್ಯುದಂಶ, ಅದೂ ಸೋರುತ್ತಲೇ ಇರುತ್ತದೆ. ಆದ್ದರಿಂದ ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ ಎಲ್ಲವನ್ನೂ ಓದಿ ಮತ್ತೆ ತುಂಬಬೇಕು. ಲ್ಯಾಪ್‌ಟಾಪ್ ಆರಿತೋ, ರ‍್ಯಾಮಿನಲ್ಲಿದ್ದದ್ದೆಲ್ಲ ಹೋಯಿತು.

ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ಸಾಕೆಂದು ಮೈಕ್ರೊಸಾಫ್ಟ್ ಹೇಳುತ್ತದೆ. ಅದು ಶುರುವಾಗಲು ಸಾಕು, ಬದುಕಲು ಸಾಲದು. ವಿಂಡೋಸ್ ತನ್ನ ಪಾಲು ತೆಗೆದುಕೊಂಡು, ಆ್ಯಂಟಿವೈರಸ್ ಕೂತು, ಬ್ರೌಸರಿನಲ್ಲಿ ಏಳೆಂಟು ಟ್ಯಾಬ್ ತೆರೆದರೆ ನಾಲ್ಕು ಜಿಬಿ ಭರ್ತಿ. ಜಾಗ ಸಾಲದಾದಾಗ ವಿಂಡೋಸ್ ಸದ್ಯಕ್ಕೆ ಬೇಡದ್ದನ್ನು ಡಿಸ್ಕಿಗೆ ಸಾಗಿಸಿ, ಬೇಕಾದಾಗ ವಾಪಸು ತರುತ್ತದೆ. ಮೇಲೆ ಹೇಳಿದ ಒಂದು ಸೆಕೆಂಡಿನ ಕೆಲಸ ಹದಿನಾರು ನಿಮಿಷದ ಕೆಲಸವಾಗುವುದು ಆಗಲೇ. ಮನೆಯವರು ಬಯ್ಯುವುದು ‘ಪ್ರಾಸೆಸರ್ ಸರಿಯಿಲ್ಲ’ ಎಂದು. ಪಾಪ, ಅದು ಕಾಯುತ್ತಾ ಕೂತಿರುತ್ತದೆ.

ಇನ್ನೊಂದು ವಿಷಯ. ಈ ಬೆಲೆಯ ಲ್ಯಾಪ್‌ಟಾಪ್‌ಗಳಲ್ಲಿ ಗ್ರಾಫಿಕ್ಸಿಗೆ ಬೇರೆ ಮೆಮೊರಿ ಇರುವುದಿಲ್ಲ, ಅದೂ ಇದೇ ರ‍್ಯಾಮಿಗೆ ಕೈ ಹಾಕುತ್ತದೆ. 8 ಜಿಬಿ ಎಂದು ಕೊಂಡದ್ದು ಬಳಕೆಗೆ ಏಳೂ ಚಿಲ್ಲರೆ ಎಂದೋ, ಕೆಲವೊಮ್ಮೆ ಇನ್ನೂ ಕಡಿಮೆ ಎಂದೋ ತೋರಿಸುವುದು ಅದಕ್ಕೇ. ಡಿಡಿಆರ್4-3200 ರ‍್ಯಾಮ್ ಒಂದೇ ಪಟ್ಟಿ ಇದ್ದರೆ ಸೆಕೆಂಡಿಗೆ ಗರಿಷ್ಠ 25.6 ಜಿಬಿ ಸಾಗಿಸಬಲ್ಲದು. ಎರಡು ದಾರಿ ಇರುವ ಪ್ರಾಸೆಸರಿನಲ್ಲಿ ಎರಡು ಪಟ್ಟಿ ಹಾಕಿದರೆ 51.2 ಜಿಬಿ. ಹೀಗಾಗಿ 16 ಜಿಬಿಯ ಒಂದು ಪಟ್ಟಿಗಿಂತ ಎಂಟೆಂಟರ ಎರಡು ಪಟ್ಟಿ ಆಟಕ್ಕೂ ವಿಡಿಯೊ ಎಡಿಟಿಂಗಿಗೂ ವಾಸಿ.

ಮುಂದೆ ರ‍್ಯಾಮ್ ಹೆಚ್ಚಿಸಬಹುದೇ ಎಂಬುದು ಇದೆಲ್ಲಕ್ಕಿಂತ ಮುಖ್ಯ. ತೆಳು ಮಾಡುವ ಭರದಲ್ಲಿ ಅನೇಕ ಕಂಪನಿಗಳು ರ‍್ಯಾಮ್ ಚಿಪ್ಪನ್ನು ಮದರ್‌ಬೋರ್ಡಿಗೇ ಬೆಸುಗೆ ಹಾಕಿಬಿಡುತ್ತವೆ. ಅಂಗಡಿಯಲ್ಲಿ ಡೆಮೊಗೆ ಇಟ್ಟ ಲ್ಯಾಪ್‌ಟಾಪಿನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಪರ್ಫಾರ್ಮೆನ್ಸ್ ಎಂಬಲ್ಲಿ ಮೆಮೊರಿಯನ್ನು ಆರಿಸಿ, ಬಲಗಡೆ ಕೆಳಗೆ ಫಾರ್ಮ್ ಫ್ಯಾಕ್ಟರ್ ಎಂಬ ಸಾಲು ನೋಡಿ. ‘ಸೋಡಿಮ್’ ಎಂದಿದ್ದರೆ ಅದು ಬಿಚ್ಚಿ ಹಾಕುವ ಪಟ್ಟಿ. ‘ರೋ ಆಫ್ ಚಿಪ್ಸ್’ ಎಂದಿದ್ದರೆ ಬೆಸುಗೆ. ಬೆಸುಗೆ ಹಾಕಿ ಜೊತೆಗೊಂದು ಖಾಲಿ ಸ್ಲಾಟ್ ಕೊಟ್ಟಿರುವುದೂ ಉಂಟು, ಅದು ನಡೆಯುತ್ತದೆ. ಸ್ಲಾಟೇ ಇಲ್ಲದಿದ್ದರೆ ಇವತ್ತು ಎಷ್ಟು ಕೊಂಡಿರೋ ಅಷ್ಟೇ ಕೊನೆಯವರೆಗೂ. ಅಂಥದ್ದರಲ್ಲಿ 8 ಜಿಬಿಗೆ ನಾನು ಒಪ್ಪುವುದಿಲ್ಲ.

ಎಸ್‌ಎಸ್‌ಡಿ ಎಂದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ. ಎನ್‌ವಿಎಂಇ ಬಗೆಯವು ಸೆಕೆಂಡಿಗೆ ಎರಡು ಮೂರು ಸಾವಿರ ಎಂಬಿ ಓದುತ್ತವೆ, ಹಳೆಯ ಸಾಟಾ ಬಗೆಯವು 550ರ ಆಚೆಈಚೆ. ತೀರಾ ಅಗ್ಗದವುಗಳಲ್ಲಿ ‘64 ಜಿಬಿ ಇಎಂಎಂಸಿ’ ಎಂದಿರುತ್ತದೆ. ಅದು ಫೋನಿನ ಮೆಮೊರಿಯ ಸೋದರ. ಅದರ ವೇಗದ ಗರಿಷ್ಠ ಮಿತಿಯೇ ಸೆಕೆಂಡಿಗೆ 400 ಎಂಬಿ, ಅದೂ ಬೋರ್ಡಿಗೆ ಬೆಸೆದದ್ದು. ವಿಂಡೋಸ್ ಅಪ್‌ಡೇಟಿಗೇ ಅಲ್ಲಿ ಜಾಗ ಸಾಲದೆ ಒದ್ದಾಟ ಶುರು. ಇನ್ನು, 512 ಜಿಬಿ ಕೊಂಡರೆ ವಿಂಡೋಸ್ ತೋರಿಸುವುದು 476 ಮಾತ್ರ. ಯಾರೂ ಕದ್ದಿಲ್ಲ: ತಯಾರಕರು ಒಂದು ಜಿಬಿ ಎಂದರೆ ನೂರು ಕೋಟಿ ಬೈಟ್ ಎನ್ನುತ್ತಾರೆ, ವಿಂಡೋಸ್ ಸುಮಾರು 107 ಕೋಟಿ ಎಂದು ಎಣಿಸುತ್ತದೆ.

ಇಷ್ಟಾದ ಮೇಲೆ ಪ್ರಾಸೆಸರ್. ಕೀಲಿಮಣೆಯ ಪಕ್ಕದ ಸ್ಟಿಕ್ಕರಿನಲ್ಲಿ ‘ರೈಜೆನ್ 5’ ಎಂದಿರುತ್ತದೆ, ಮುಂದಿನ ನಾಲ್ಕು ಅಂಕಿ ಸಾಮಾನ್ಯವಾಗಿ ಅಲ್ಲಿರುವುದಿಲ್ಲ. 7520ಯು ಮತ್ತು 7530ಯು ಎರಡೂ ರೈಜೆನ್ 5. ಎಎಂಡಿ ಕಂಪನಿ 2023ರ ಮಾದರಿಗಳಿಗೆ ತಂದ ಪದ್ಧತಿಯಲ್ಲಿ ಮೊದಲ 7 ಆ ವರ್ಷದ ಗುರುತು. ಒಳಗಿನ ವಿನ್ಯಾಸ ಯಾವ ಕಾಲದ್ದೆಂದು ಹೇಳುವುದು ಮೂರನೆಯ ಅಂಕಿ. 2 ಇದ್ದರೆ 2019ರಲ್ಲಿ ಬಂದ ಜೆನ್ 2, 3 ಇದ್ದರೆ 2020ರ ಜೆನ್ 3. 7520ಯುನಲ್ಲಿ ನಾಲ್ಕು ಕೋರ್, ಬೆಸುಗೆಯ ರ‍್ಯಾಮ್. 7530ಯುನಲ್ಲಿ ಆರು ಕೋರ್, ನಾಲ್ಕು ಪಟ್ಟು ದೊಡ್ಡ ಕ್ಯಾಶ್. ಹಳೆಯ ಸರಕಿಗೆ ಹೊಸ ವರ್ಷದ ಹೆಸರು ಅಂಟಿಸುವ ಈ ಜಾಣತನ ನನಗೆ ಅಷ್ಟು ರುಚಿಸುವುದಿಲ್ಲ. ಇಂಟೆಲ್ ಕೂಡ ಹಿಂದೆ ಬಿದ್ದಿಲ್ಲ. ಐ3-1215ಯು, ಐ3-ಎನ್305 ಎರಡಕ್ಕೂ ‘ಐ3’ ಹೆಸರೇ. ಮೊದಲನೆಯದರಲ್ಲಿ ಎರಡು ಬಲವಾದ ಕೋರ್, ನಾಲ್ಕು ಮಿತವ್ಯಯದ ಕೋರ್. ಎರಡನೆಯದರಲ್ಲಿ ಎಂಟೂ ಮಿತವ್ಯಯದವು. ಕೋರ್ ಎಣಿಸಿದರೆ ಎರಡನೆಯದು ಹೆಚ್ಚು, ಒಂದೇ ಕೆಲಸ ಕೊಟ್ಟು ನೋಡಿದರೆ ಮೊದಲನೆಯದು ಮುಂದೆ.

ಅಂಗಡಿಯ ಐದು ನಿಮಿಷದ ಡೆಮೊದಲ್ಲಿ ಎಲ್ಲವೂ ಮಿಂಚಿನಂತೆ ಓಡುವುದಕ್ಕೂ ಕಾರಣವಿದೆ. 1215ಯು ನಿರಂತರ ಕೆಲಸಕ್ಕೆ 15 ವಾಟಿನ ಲೆಕ್ಕದ ಚಿಪ್ಪು, ಆದರೆ ಸ್ವಲ್ಪ ಹೊತ್ತು 55 ವಾಟಿನವರೆಗೂ ಎಳೆದುಕೊಳ್ಳಬಲ್ಲದು. ಬಿಸಿ ಏರುತ್ತಾ 100 ಡಿಗ್ರಿ ಹತ್ತಿರ ಬಂದಾಗ ತಾನೇ ವೇಗ ಇಳಿಸಿಕೊಳ್ಳುತ್ತದೆ. ಸಣ್ಣ ಫ್ಯಾನ್, ತೆಳು ತಾಮ್ರದ ಕೊಳವೆ ಇರುವ ಅಗ್ಗದ ದೇಹದಲ್ಲಿ ಆ ಗಳಿಗೆ ಬೇಗ ಬರುತ್ತದೆ. ಗಾಳಿಯ ಕಿಂಡಿ ಹೆಚ್ಚಾಗಿ ಕೆಳಗಡೆಯೇ ಇರುವುದರಿಂದ ಹಾಸಿಗೆಯ ಮೇಲಿಟ್ಟರೆ ಇನ್ನೂ ಬೇಗ.

ಬೆಲೆ ಇಳಿಸಲು ಯಾವುದನ್ನು ಕತ್ತರಿಸಿದರೆ ಜನ ಸಹಿಸುತ್ತಾರೆ ಎಂಬ ಈ ಹುಡುಕಾಟ ಹೊಸದೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಎನ್‌ಕೋರ್ ಕಂಪನಿಯ ಜೊತೆ ಸೇರಿ 2001ರ ಹೊತ್ತಿಗೆ ಸಿಂಪ್ಯೂಟರ್ ಎಂಬ ಅಂಗೈಯಗಲದ ಅಗ್ಗದ ಕಂಪ್ಯೂಟರ್ ತೋರಿಸಿದರು. 2005ರಲ್ಲಿ ಅಮೆರಿಕದ ನಿಕೊಲಸ್ ನೆಗ್ರೊಪಾಂಟೆ ಮಕ್ಕಳಿಗೆ ನೂರು ಡಾಲರಿನ ಲ್ಯಾಪ್‌ಟಾಪ್ ಎಂದರು, ತಯಾರಾಗುವ ಹೊತ್ತಿಗೆ ಇನ್ನೂರರ ಹತ್ತಿರ ಹೋಯಿತು. 2007ರಲ್ಲಿ ಏಸಸ್ ಕಂಪನಿಯ ಇಇಇ ಪಿಸಿ ಬಂತು: ಏಳು ಇಂಚಿನ ಪರದೆ, 512 ಎಂಬಿ ರ‍್ಯಾಮ್, 4 ಜಿಬಿ ಫ್ಲ್ಯಾಶ್. ಜನ ಮುಗಿಬಿದ್ದು ಕೊಂಡರು.

ಪರದೆಯನ್ನು ಕೊಂಡ ಮೇಲೆ ಬದಲಾಯಿಸುವುದು ದುಬಾರಿ, ಆದ್ದರಿಂದ ಕಣ್ಣಾರೆ ನೋಡಿಯೇ ಕೊಳ್ಳಬೇಕು. ಫುಲ್ ಎಚ್‌ಡಿ ಎಂದರೆ 1920 × 1080, ಇಪ್ಪತ್ತು ಲಕ್ಷಕ್ಕೂ ಹೆಚ್ಚು ಚುಕ್ಕಿ. 1366 × 768 ಇದ್ದರೆ ಅದರ ಅರ್ಧ, ಅಕ್ಷರದ ಅಂಚು ಒರಟು. ಕನ್ನಡದ ಒತ್ತಕ್ಷರಗಳಲ್ಲಿ ಅದು ಇನ್ನೂ ಎದ್ದು ಕಾಣುತ್ತದೆ. ಟಿಎನ್ ಪರದೆಯಾದರೆ ಮುಚ್ಚಳವನ್ನು ಹಿಂದಕ್ಕೆ ಮುಂದಕ್ಕೆ ವಾಲಿಸಿದಾಗ ಬಣ್ಣ ಉಲ್ಟಾ ಹೊಡೆಯುತ್ತದೆ, ಐಪಿಎಸ್ ಹಾಗೆ ಮಾಡುವುದಿಲ್ಲ. ವಿವರಪಟ್ಟಿಯ ಸಣ್ಣ ಅಕ್ಷರಗಳಲ್ಲಿ ‘45% ಎನ್‌ಟಿಎಸ್‌ಸಿ’ ಎಂದಿದ್ದರೆ, 1953ರ ಅಮೆರಿಕದ ಕಲರ್ ಟಿವಿ ಮಾನದಂಡದಲ್ಲಿ ಅರ್ಧಕ್ಕಿಂತ ಕಡಿಮೆ ಬಣ್ಣಗಳನ್ನು ಅದು ತೋರಿಸುತ್ತದೆಂದು ಅರ್ಥ. ಪತ್ರ ಬರೆಯಲು ತೊಂದರೆಯಿಲ್ಲ. ಆದರೆ ಅದರಲ್ಲಿ ನೋಡಿ ಇಳಕಲ್ ಸೀರೆ ತರಿಸಿದರೆ, ಸೆರಗಿನ ಕೆಂಪು ಪಾರ್ಸೆಲ್ ಬಿಚ್ಚಿದಾಗ ಬೇರೆಯೇ ಇರುತ್ತದೆ.

ಬ್ಯಾಟರಿಯಲ್ಲಿ ಮೋಸ ಹೋಗುವುದು ಎಂಎಎಚ್ ನೋಡಿ. ಲ್ಯಾಪ್‌ಟಾಪಿನ ಬ್ಯಾಟರಿ 3,640 ಎಂಎಎಚ್ ಇದ್ದು, ಫೋನಿನದು 5,000 ಇದ್ದರೆ ಫೋನಿನದೇ ದೊಡ್ಡದೆನಿಸುತ್ತದೆ. ವೋಲ್ಟೇಜಿನಿಂದ ಗುಣಿಸಿ. ಫೋನಿನ ಒಂದು ಸೆಲ್ಲಿಗೆ 3.85 ವೋಲ್ಟ್, ಸಿಗುವುದು 19 ವಾಟ್-ಅವರ್. ಲ್ಯಾಪ್‌ಟಾಪಿನಲ್ಲಿ ಮೂರು ಸೆಲ್ ಸಾಲಾಗಿ ಜೋಡಿಸಿ 11.55 ವೋಲ್ಟ್, ಸಿಗುವುದು 42. ಟೈಪು ಮಾಡುತ್ತಾ 6 ವಾಟ್ ಖರ್ಚಾದರೆ ಏಳು ಗಂಟೆ ಬರುತ್ತದೆ. ವಿಡಿಯೊ ಕಾಲಿನಲ್ಲಿ ಕ್ಯಾಮೆರಾ, ವೈಫೈ, ಪ್ರಾಸೆಸರ್ ಎಲ್ಲ ಒಟ್ಟಿಗೆ ದುಡಿದು 14 ವಾಟ್ ಎಳೆದರೆ ಮೂರೇ ಗಂಟೆ. ‘10 ಗಂಟೆ ವಿಡಿಯೊ’ ಎಂಬ ಜಾಹೀರಾತು ಪೂರ್ತಿ ಸುಳ್ಳಲ್ಲ. ವಿಡಿಯೊ ಬಿಡಿಸಲೆಂದೇ ಚಿಪ್ಪಿನಲ್ಲಿ ಪ್ರತ್ಯೇಕ ಭಾಗವಿದೆ, ಆಗ ಉಳಿದದ್ದೆಲ್ಲ ನಿದ್ದೆ ಮಾಡುತ್ತಿರುತ್ತದೆ. ಲಿಥಿಯಂ ಬ್ಯಾಟರಿಗೆ ಬಿಸಿಯೂ ಆಗದು, ಸದಾ ನೂರಕ್ಕೆ ನೂರು ತುಂಬಿರುವುದೂ ಆಗದು. ಯಾವಾಗಲೂ ಪ್ಲಗ್ಗಿನಲ್ಲೇ ಇಡುವವರು 80 ಪ್ರತಿಶತಕ್ಕೆ ನಿಲ್ಲಿಸುವ ಸೆಟ್ಟಿಂಗ್ ಇದ್ದರೆ ಹಾಕಿಕೊಳ್ಳಲಿ.

ಟೈಪ್-ಸಿ ತೂತು ಇದೆಯೆಂದು ಹಿಗ್ಗಬೇಡಿ. ಅಗ್ಗದವುಗಳಲ್ಲಿ ಅದು ಬರೀ ಪೆನ್‌ಡ್ರೈವಿಗಾಗಿ ಇರಬಹುದು. ಚಾರ್ಜ್ ಆಗುತ್ತದೆಯೇ, ಟಿವಿಗೆ ಜೋಡಿಸಬಹುದೇ ಎಂದು ಕೇಳಿ. ಐರೋಪ್ಯ ಒಕ್ಕೂಟ ಹೊಸ ಲ್ಯಾಪ್‌ಟಾಪ್‌ಗಳಿಗೂ ಟೈಪ್-ಸಿ ಚಾರ್ಜಿಂಗ್ ಕಡ್ಡಾಯವೆಂದು 2026ರ ಏಪ್ರಿಲ್ 28ರ ಗಡುವು ಹಾಕಿದ್ದರಿಂದ ಈ ಗೊಂದಲ ಕ್ರಮೇಣ ಕಡಿಮೆಯಾದೀತು. ಕ್ಯಾಮೆರಾ ಸಾಧಾರಣವೇ, ಸ್ಪೀಕರ್ ಇನ್ನೂ ಸಾಧಾರಣ. ‘ಡಾಸ್’ ಎಂದು ಬರೆದು ಎರಡು ಮೂರು ಸಾವಿರ ಕಡಿಮೆಗೆ ಕೊಟ್ಟರೆ ಅದರಲ್ಲಿ ವಿಂಡೋಸ್ ಇಲ್ಲವೆಂದು ತಿಳಿಯಿರಿ. ಲಿನಕ್ಸ್ ಗೊತ್ತಿದ್ದವರಿಗೆ ಲಾಭ.

ಯಾವ ವಿವರಪಟ್ಟಿಯಲ್ಲೂ ಕಾಣದ ಭಾಗವೊಂದಿದೆ: ಮುಚ್ಚಳದ ಕೀಲು, ಹಿಂಜ್. ಕಡಿಮೆ ಬೆಲೆಯ ಪ್ಲಾಸ್ಟಿಕ್ ದೇಹದಲ್ಲಿ ಪುಟ್ಟ ಹಿತ್ತಾಳೆ ನಟ್ಟುಗಳನ್ನು ಬಿಸಿ ಮಾಡಿ ಪ್ಲಾಸ್ಟಿಕ್ಕಿಗೆ ಒತ್ತಿ ಕೂರಿಸಿರುತ್ತಾರೆ, ಕೀಲಿನ ಸ್ಕ್ರೂ ಬಿಗಿಯುವುದು ಅವಕ್ಕೆ. ದಿನಾ ತೆರೆದು ಮುಚ್ಚಿ ಕೀಲು ಬಿಗಿಯಾದರೆ ಆ ಜೋರೆಲ್ಲ ಪ್ಲಾಸ್ಟಿಕ್ಕಿನ ಮೇಲೆ ಬಿದ್ದು, ಒಂದು ದಿನ ನಟ್ಟು ಬುಡಸಮೇತ ಕಿತ್ತು ಬರುತ್ತದೆ. ರಿಪೇರಿಯವರು ಅರಾಲ್ಡೈಟ್ ಹಾಕಿ ಕೂರಿಸಿಕೊಡುತ್ತಾರೆ, ಕೆಲವು ಕಾಲ ನಡೆಯುತ್ತದೆ. ಮುಚ್ಚಳವನ್ನು ನಡುವೆ ಹಿಡಿದು ಎತ್ತಿದರೆ ಎರಡೂ ಕೀಲಿಗೆ ಭಾರ ಹಂಚಿಹೋಗುತ್ತದೆ. ಆದರೆ ಕೊಳ್ಳುವ ಮುನ್ನ ಅಂಗಡಿಯಲ್ಲಿ ಬೇಕೆಂದೇ ಒಂದು ಮೂಲೆ ಹಿಡಿದು ಮೆಲ್ಲನೆ ಎತ್ತಿ ನೋಡಿ. ಪರದೆ ತಿರುಚಿಕೊಂಡು ಬಂದರೆ, ಕೀಲಿನ ಬಳಿ ಪ್ಲಾಸ್ಟಿಕ್ ಬಾಯಿ ಬಿಟ್ಟರೆ, ಬೇರೆ ಮಾಡೆಲ್ ತೋರಿಸಿ ಎನ್ನಿ.