ಕುರಿ, ಕಾಳ್ಯಾ ಮತ್ತು ನನ್ನ ಎದೆಯೊಳಗಿನ ಗುಳ್ಳೆ

ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆಯ ದೈಹಿಕ ಪರೀಕ್ಷೆಗೆ 1600 ಮೀಟರ್ ಓಡಬೇಕು. ಅದಕ್ಕಾಗಿ ದಿನಾ ನಸುಕಿನಲ್ಲಿ ಶಿರಹಟ್ಟಿ ರಸ್ತೆಯಲ್ಲಿ ಓಡುತ್ತಿದ್ದೆ. ಅರ್ಧ ದಾರಿಗೇ ಎದೆ ಹಿಡಿದಂತಾಗಿ ಕೆಮ್ಮು ಬರುತ್ತಿತ್ತು. ಧೂಳಿನ ಕೆಮ್ಮು ಎಂದು ತಿಂಗಳುಗಟ್ಟಲೆ ಸುಮ್ಮನಿದ್ದೆ. ಒಂದು ಬೆಳಿಗ್ಗೆ ಕೆಮ್ಮಿದಾಗ ಬಾಯಿ ತುಂಬ ಉಪ್ಪುಪ್ಪಾದ ನೀರು ಬಂತು, ಅದರಲ್ಲಿ ರಕ್ತದ ಎಳೆ. ‘ಟಿ.ಬಿ. ಆಗೇತೇನೋ’ ಎಂದು ಅವ್ವ ಅಳತೊಡಗಿದಳು.

ಗದಗದಲ್ಲಿ ಕಫ ಪರೀಕ್ಷೆ ಮಾಡಿಸಿದೆವು, ಟಿ.ಬಿ. ಇರಲಿಲ್ಲ. ಎಕ್ಸ್‌-ರೇ, ಸಿ.ಟಿ. ಸ್ಕ್ಯಾನ್‌ ನೋಡಿದ ವೈದ್ಯರು, ‘ಮನ್ಯಾಗ ಕುರಿ ಅದಾವೇನು? ನಾಯಿ ಐತೇನು?’ ಎಂದು ಕೇಳಿದರು. ಎರಡೂ ಇದ್ದವು. ಕಪ್ಪತಗುಡ್ಡದ ಬುಡದಿಂದ ಮುಂಡರಗಿ, ಲಕ್ಷ್ಮೇಶ್ವರದ ಹೊಲಗಳವರೆಗೆ ಅಪ್ಪನ ಹಿಂಡು ತಿರುಗುತ್ತದೆ. ಕಾವಲಿಗೆ ನಮ್ಮ ನಾಯಿ ಕಾಳ್ಯಾ.

ನನಗಾಗಿದ್ದು ಹೈಡಾಟಿಡ್ ಸಿಸ್ಟ್. ಅರ್ಧ ಸೆಂಟಿಮೀಟರಿನಷ್ಟು ಉದ್ದದ ಲಾಡಿಹುಳು ನಾಯಿಯ ಕರುಳಿನಲ್ಲಿರುತ್ತದೆ. ಅದರ ಮೊಟ್ಟೆಗಳು ಮಲದೊಂದಿಗೆ ಹೊರಬಿದ್ದು ಹುಲ್ಲು, ನೀರು, ನಾಯಿಯ ಕೂದಲು ಸೇರುತ್ತವೆ. ಮೇಯುವಾಗ ಕುರಿಯ ಹೊಟ್ಟೆಗೆ, ತೊಳೆಯದ ಕೈಯಿಂದ ನಮ್ಮ ಹೊಟ್ಟೆಗೆ ಹೋಗುತ್ತವೆ. ಅಲ್ಲಿಂದ ಯಕೃತ್ತಿಗೋ ಶ್ವಾಸಕೋಶಕ್ಕೋ ಸೇರಿ, ನೀರು ತುಂಬಿದ ಗುಳ್ಳೆಯಾಗಿ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತವೆ. ನಾನು ಕೆಮ್ಮಿದ್ದು ಒಡೆದ ಗುಳ್ಳೆಯ ನೀರು. ಆ ನೀರು ಮೈಗೆ ಒಗ್ಗದಿದ್ದರೆ ಜೀವಕ್ಕೇ ಅಪಾಯ.

ಹುಬ್ಬಳ್ಳಿಯಲ್ಲಿ ಶಸ್ತ್ರಚಿಕಿತ್ಸೆ ಎಂದಾಗ ಒಂದು ಶ್ವಾಸಕೋಶವೇ ಹೋಯಿತು ಎಂದುಕೊಂಡೆ. ಹಾಗಾಗಲಿಲ್ಲ. ಪಕ್ಕೆಲುಬುಗಳ ನಡುವೆ ಕೊಯ್ದು, ಮರಿಗುಳ್ಳೆ ಹರಡದಂತೆ ಸುತ್ತಲೂ ಗಾಢ ಉಪ್ಪುನೀರಿನ ಬಟ್ಟೆ ಇಟ್ಟು, ಗುಳ್ಳೆಯ ಪೊರೆಯನ್ನಷ್ಟೇ ತೆಗೆದರು. ಗಾಳಿ ಸೋರುವ ಸಣ್ಣ ರಂಧ್ರಗಳನ್ನು ಹೊಲಿದರು. ಕೆಲವು ದಿನ ಎದೆಗೆ ನಳಿಕೆ ಇತ್ತು. ಆಮೇಲೆ ಅಲ್ಬೆಂಡಜೋಲ್ ಮಾತ್ರೆ.

‘ಆ ನಾಯಿ ಎಲ್ಲ್ಯಾರ ಬಿಟ್ಟು ಬರ್ರಿ’ ಎಂದು ಅವ್ವ ಹಟ ಹಿಡಿದಳು. ವೈದ್ಯರು ಅಪ್ಪನನ್ನು ಕೇಳಿದ್ದು ಬೇರೆ ಪ್ರಶ್ನೆ: ‘ಕುರಿ ಕೊಯ್ದಾಗ ಗುಳ್ಳಿ ಇದ್ದ ಪುಪ್ಪುಸ, ಕಾಳಜ ಏನ್ ಮಾಡ್ತೀರಿ?’ ಅಪ್ಪ ತಲೆ ತಗ್ಗಿಸಿ, ‘ನಾಯಿಗೆ ಒಗೀತೀವ್ರಿ’ ಅಂದ. ನಾಯಿಗೆ ಹುಳು ಬರುವುದು ಹಾಗೆಯೇ. ಕಾಳ್ಯಾನಿಗೆ ರೋಗ ಕೊಟ್ಟವರು ನಾವೇ.

ಒಂದು ಕಾಲಕ್ಕೆ ಐಸ್‌ಲ್ಯಾಂಡ್‌ನಲ್ಲಿ ಈ ರೋಗ ವಿಪರೀತವಿತ್ತು. 1864ರಲ್ಲಿ ಹರಾಲ್ಡ್ ಕ್ರಾಬೆ ಎಂಬ ಡೆನ್ಮಾರ್ಕಿನ ವಿಜ್ಞಾನಿ ಬರೆದ ಕಿರುಪುಸ್ತಕವನ್ನು ಅಲ್ಲಿನ ಮನೆಮನೆಗೂ ಹಂಚಿದರು. ರೋಗಪೀಡಿತ ಅಂಗಾಂಗ ನಾಯಿಗೆ ಹಾಕಬೇಡಿ ಎಂಬುದೇ ಅದರ ಮುಖ್ಯ ಮಾತು. ಮುಂದೆ ಆ ದೇಶ ರೋಗವನ್ನೇ ಕಳೆದುಕೊಂಡಿತು.

ಈಗ ನಮ್ಮಲ್ಲಿ ಆ ಭಾಗಗಳನ್ನು ಆಳದ ಗುಂಡಿಯಲ್ಲಿ ಹೂಳುತ್ತೇವೆ. ಪಶುವೈದ್ಯರು ಹೇಳಿದಂತೆ ಮೂರು ತಿಂಗಳಿಗೊಮ್ಮೆ ಕಾಳ್ಯಾನಿಗೆ ಪ್ರಾಜಿಕ್ವಾಂಟೆಲ್ ಮಾತ್ರೆ. ಕುರಿ ಮನೆಯ ಗೆಳೆಯರೇ, ಕೆಮ್ಮು ನಿಲ್ಲದಿದ್ದರೆ ಎಕ್ಸ್‌-ರೇ ಮಾಡಿಸಿ. ಮನೆಯಲ್ಲಿ ಕುರಿ, ನಾಯಿ ಇವೆ ಎಂದು ವೈದ್ಯರಿಗೆ ನೀವಾಗಿಯೇ ಹೇಳಿ.

ಈ ಸಲದ ನೇಮಕಾತಿ ನನಗೆ ತಪ್ಪಿತು. ಮೊನ್ನೆಯಿಂದ ಮತ್ತೆ ನಸುಕಿನ ನಡಿಗೆ ಶುರು ಮಾಡಿದ್ದೇನೆ. ಕಾಳ್ಯಾ ಜೊತೆಗೇ ಬರುತ್ತಾನೆ. ಮನೆ ಮುಟ್ಟಿದ ಕೂಡಲೇ ಅವ್ವ ಸೋಪು ಹಿಡಿದು ಬಾಗಿಲಲ್ಲಿ ನಿಂತಿರುತ್ತಾಳೆ.