ಎರಡು ಡಿಸ್ಕ್ ಹಾಕಿದರೆ ಫೋಟೋಗಳು ಎಂದೂ ಕಳೆದುಹೋಗುವುದಿಲ್ಲವೇ? ‘ರೇಡ್’ ಸಲಹೆಯ ಹಿಂದಿನ ನಿಜ

ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆಗಾಗ ಬರುವ ಒಂದು ಸಲಹೆ ಹೀಗಿರುತ್ತದೆ: ಮನೆಯ ಕಂಪ್ಯೂಟರಿಗೆ ಒಂದರ ಬದಲು ಎರಡು ಹಾರ್ಡ್ ಡಿಸ್ಕ್ ಹಾಕಿಸಿ, ‘ರೇಡ್’ ಮಾಡಿಕೊಳ್ಳಿ, ಒಂದು ಕೆಟ್ಟರೂ ಇನ್ನೊಂದರಲ್ಲಿ ಎಲ್ಲವೂ ಇರುತ್ತದೆ, ಆಮೇಲೆ ಬ್ಯಾಕಪ್ ಎಂಬ ತಲೆನೋವೇ ಇಲ್ಲ. ಫೋನಿನ ಮೆಮೊರಿ ತುಂಬಿದಾಗಲೆಲ್ಲ ಫೋಟೋಗಳನ್ನು ಕಂಪ್ಯೂಟರಿಗೆ ಸುರಿದು, ಫೋನಿನಿಂದ ಅಳಿಸಿಹಾಕುವ ನಮ್ಮಂಥವರಿಗೆ ಇದು ಖುಷಿಯ ಸುದ್ದಿಯೇ. ಖರ್ಚು ಕೂಡ ಇನ್ನೊಂದು ಡಿಸ್ಕಿನದಷ್ಟೇ.

ಈ ಸಲಹೆಯ ಮೊದಲ ಭಾಗ ನಿಜ. ಬ್ಯಾಕಪ್ ಬೇಡ ಎನ್ನುವ ಕೊನೆಯ ಮಾತು ತಪ್ಪು. ಅದನ್ನು ನಂಬಿ ನಾನೇ ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ. ಆ ಕತೆಗೆ ಆಮೇಲೆ ಬರೋಣ. ಮೊದಲು ಈ ‘ರೇಡ್’ ಏನೆಂದು ನೋಡೋಣ.

ಏನಿದು ರೇಡ್?

ಪೊಲೀಸರ ರೇಡಿಗೂ ಇದಕ್ಕೂ ಸಂಬಂಧವಿಲ್ಲ. ಹಲವು ಡಿಸ್ಕುಗಳನ್ನು ಒಟ್ಟುಗೂಡಿಸಿ, ಕಂಪ್ಯೂಟರಿಗೆ ಅದೊಂದೇ ಡಿಸ್ಕ್ ಎನ್ನುವಂತೆ ತೋರಿಸುವ ವಿಧಾನಕ್ಕೆ ಈ ಹೆಸರು. 1988ರಲ್ಲಿ ಅಮೆರಿಕದ ಬರ್ಕ್‌ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ್‍ಯಾಂಡಿ ಕಾಟ್ಜ್ ಪ್ರಕಟಿಸಿದ ಪ್ರಬಂಧದಿಂದ ಇದು ಜನಪ್ರಿಯವಾಯಿತು. ಆಗ ದೊಡ್ಡ ಕಂಪ್ಯೂಟರುಗಳ ಡಿಸ್ಕುಗಳು ಬಹಳ ದುಬಾರಿ. ಅದರ ಬದಲು ಅಗ್ಗದ ಚಿಕ್ಕ ಡಿಸ್ಕುಗಳನ್ನೇ ಹಲವು ಸೇರಿಸಿದರೆ ಹೇಗೆ ಎಂಬುದು ಅವರ ಪ್ರಶ್ನೆ. ಆದರೆ ಡಿಸ್ಕುಗಳ ಸಂಖ್ಯೆ ಹೆಚ್ಚಿದಷ್ಟೂ ಯಾವುದೋ ಒಂದು ಕೆಡುವ ಸಾಧ್ಯತೆಯೂ ಹೆಚ್ಚುತ್ತದೆ. ಹಾಗಾಗಿ ಒಂದು ಕೆಟ್ಟರೂ ಕೆಲಸ ನಿಲ್ಲದಂತೆ ಮಾಹಿತಿಯನ್ನು ಹಂಚಿಡುವ ಹಲವು ಬಗೆಗಳನ್ನು ಅವರು ವಿವರಿಸಿದರು.

ಮನೆಯ ಮಟ್ಟಿಗೆ ಮೂರು ಬಗೆಗಳು ಗೊತ್ತಿದ್ದರೆ ಸಾಕು.

ರೇಡ್ 0: ಒಂದು ಫೈಲನ್ನು ಚೂರು ಚೂರು ಮಾಡಿ, ಒಂದು ಚೂರು ಈ ಡಿಸ್ಕಿಗೆ, ಮುಂದಿನದು ಆ ಡಿಸ್ಕಿಗೆ ಎಂದು ಹಂಚಲಾಗುತ್ತದೆ. ವೇಗ ಹೆಚ್ಚು, ಜಾಗವೂ ಪೂರ್ತಿ ಸಿಗುತ್ತದೆ. ಆದರೆ ಎರಡರಲ್ಲಿ ಒಂದು ಕೆಟ್ಟರೂ ಎಲ್ಲವೂ ಹೋಗುತ್ತದೆ. ಲೆಕ್ಕಕ್ಕಾಗಿ ಒಂದು ಡಿಸ್ಕ್ ವರ್ಷದಲ್ಲಿ ಕೆಡುವ ಸಾಧ್ಯತೆ ಶೇ 5 ಎಂದುಕೊಳ್ಳಿ. ಎರಡು ಡಿಸ್ಕಿನ ರೇಡ್ 0ರಲ್ಲಿ ಮಾಹಿತಿ ಕಳೆದುಕೊಳ್ಳುವ ಸಾಧ್ಯತೆ ಸುಮಾರು ಶೇ 10 ಆಗುತ್ತದೆ. ಹೆಸರಿನಲ್ಲಿ ರೇಡ್ ಇದ್ದ ಮಾತ್ರಕ್ಕೆ ಸುರಕ್ಷತೆ ಬರುವುದಿಲ್ಲ ಎನ್ನುವುದಕ್ಕೆ ಇದೇ ಸಾಕ್ಷಿ.

ರೇಡ್ 1: ಇದು ಕನ್ನಡಿ. ಒಂದು ಡಿಸ್ಕಿಗೆ ಬರೆದದ್ದೆಲ್ಲ ಅದೇ ಹೊತ್ತಿಗೆ ಇನ್ನೊಂದಕ್ಕೂ ಬರೆಯಲಾಗುತ್ತದೆ. 4 ಟಿಬಿಯ ಎರಡು ಡಿಸ್ಕ್ ಹಾಕಿದರೆ ಬಳಸಲು ಸಿಗುವುದು 4 ಟಿಬಿ ಮಾತ್ರ. ಒಂದು 2 ಟಿಬಿ, ಇನ್ನೊಂದು 4 ಟಿಬಿ ಇದ್ದರೆ ಚಿಕ್ಕದರಷ್ಟೇ, ಅಂದರೆ 2 ಟಿಬಿ. ವಾಟ್ಸ್‌ಆ್ಯಪ್ ಸಲಹೆಗಳು ಸಾಮಾನ್ಯವಾಗಿ ಹೇಳುವುದು ಈ ಬಗೆಯನ್ನೇ.

ರೇಡ್ 5: ಇದಕ್ಕೆ ಕನಿಷ್ಠ ಮೂರು ಡಿಸ್ಕ್ ಬೇಕು. ಇದನ್ನು ದಿನಸಿ ಅಂಗಡಿಯ ಚೀಟಿಯ ಹಾಗೆ ಯೋಚಿಸಿ. ಅಕ್ಕಿ 300 ರೂಪಾಯಿ, ಬೇಳೆ 150, ಒಟ್ಟು 450 ಎಂದು ಬರೆದಿದೆ. ಬೇಳೆಯ ಬೆಲೆಯ ಮೇಲೆ ಎಣ್ಣೆ ಬಿದ್ದು ಅಳಿಸಿಹೋದರೂ 450ರಲ್ಲಿ 300 ಕಳೆದು 150 ಎಂದು ಹೇಳಬಹುದು. ಎರಡು ಅಂಕಿ ಅಳಿಸಿಹೋದರೆ ಏನೂ ಮಾಡಲಾಗದು. ರೇಡ್ 5ರಲ್ಲಿ ಇಂಥ ‘ಒಟ್ಟು’ ಲೆಕ್ಕವನ್ನು ಎಲ್ಲ ಡಿಸ್ಕುಗಳಿಗೂ ಸರದಿಯಂತೆ ಹಂಚಿಡುತ್ತಾರೆ. ಕೂಡುವುದರ ಬದಲು ಕಂಪ್ಯೂಟರು ಸೊನ್ನೆ-ಒಂದುಗಳಲ್ಲಿ ಒಂದುಗಳ ಸಂಖ್ಯೆ ಸಮವೋ ಬೆಸವೋ ಎಂದು ನೋಡಿ ಇಡುತ್ತದೆ. ಇದಕ್ಕೆ ಪ್ಯಾರಿಟಿ ಎನ್ನುತ್ತಾರೆ. ಒಂದು ಡಿಸ್ಕ್ ಕೆಟ್ಟರೆ ಉಳಿದವುಗಳಿಂದ ಲೆಕ್ಕ ಹಾಕಿ ಅದನ್ನು ಮತ್ತೆ ಬರೆಯಬಹುದು. ಎರಡು ಕೆಟ್ಟರೆ ಮುಗಿಯಿತು.

ಇದಕ್ಕೆ ದುಬಾರಿ ಕಾರ್ಡ್ ಬೇಕೇ?

ಬೇಡ. ಕಂಪನಿಗಳ ಸರ್ವರುಗಳಲ್ಲಿ ರೇಡಿಗೆಂದೇ ಪ್ರತ್ಯೇಕ ಕಾರ್ಡ್ ಹಾಕುವುದುಂಟು. ಮನೆಯ ಕಂಪ್ಯೂಟರಿನಲ್ಲಿ ಆಪರೇಟಿಂಗ್ ಸಿಸ್ಟಮ್ಮೇ ಈ ಕೆಲಸ ಮಾಡುತ್ತದೆ. ಇದೇ ಸಾಫ್ಟ್‌ವೇರ್ ರೇಡ್. ಈಗಿನ ಪ್ರೊಸೆಸರುಗಳಿಗೆ ಈ ಲೆಕ್ಕ ಹೊರೆಯೇ ಅಲ್ಲ.

ಸಾಫ್ಟ್‌ವೇರ್ ರೇಡಿಗೆ ಇನ್ನೊಂದು ಲಾಭವಿದೆ. ಲಿನಕ್ಸ್‌ನಲ್ಲಿ ಮಾಡಿದ ರೇಡಿನ ಗುರುತು ಡಿಸ್ಕುಗಳ ಮೇಲೆಯೇ ಬರೆದಿರುತ್ತದೆ. ಮದರ್‌ಬೋರ್ಡ್ ಸುಟ್ಟುಹೋದರೆ ಡಿಸ್ಕುಗಳನ್ನು ಬಿಚ್ಚಿ ಲಿನಕ್ಸ್ ಇರುವ ಬೇರೆ ಕಂಪ್ಯೂಟರಿಗೆ ಹಾಕಬಹುದು, ಅದು ಗುರುತು ಹಿಡಿಯುತ್ತದೆ. ವಿಶೇಷ ಕಾರ್ಡ್ ಬಳಸಿದ್ದು ಅದೇ ಕೆಟ್ಟರೆ, ಹಲವು ಸಲ ಅದೇ ಬಗೆಯ ಕಾರ್ಡನ್ನೇ ಹುಡುಕಿಕೊಂಡು ಹೋಗಬೇಕಾಗುತ್ತದೆ.

ಮನೆಯಲ್ಲಿ ಮಾಡಿಕೊಳ್ಳುವುದು ಹೇಗೆ?

ಎಲ್ಲಕ್ಕಿಂತ ಮೊದಲು ಒಂದು ಎಚ್ಚರಿಕೆ. ರೇಡಿಗೆ ಸೇರಿಸುವ ಡಿಸ್ಕಿನಲ್ಲಿ ಈಗಾಗಲೇ ಇರುವುದು ಅಳಿಸಿಹೋಗುತ್ತದೆ ಎಂದೇ ತಿಳಿಯಿರಿ. ‘ಹಳೇ ಡಿಸ್ಕಿನಲ್ಲಿ ಫೋಟೋಗಳಿವೆ, ಪಕ್ಕದಲ್ಲಿ ಹೊಸದು ಹಾಕಿದರೆ ತಾನಾಗಿ ನಕಲಾಗುತ್ತದೆ’ ಎಂದುಕೊಂಡು ಎರಡನ್ನೂ ಸೇರಿಸಿಬಿಟ್ಟರೆ ಆ ಫೋಟೋಗಳೇ ಹೋಗುತ್ತವೆ. ಮೊದಲು ಅವನ್ನು ಬೇರೆ ಕಡೆ ನಕಲು ಮಾಡಿ.

ವಿಂಡೋಸ್‌ನಲ್ಲಿ: 2012ರಲ್ಲಿ ಬಂದ ವಿಂಡೋಸ್ 8ರಿಂದ ‘ಸ್ಟೋರೇಜ್ ಸ್ಪೇಸಸ್’ ಎಂಬ ಸೌಲಭ್ಯವಿದೆ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಅದನ್ನು ತೆರೆದು, ಎರಡು ಖಾಲಿ ಡಿಸ್ಕುಗಳನ್ನು ಆರಿಸಿ, ‘ಟು-ವೇ ಮಿರರ್’ ಎಂಬುದನ್ನು ಆಯ್ದುಕೊಳ್ಳಬೇಕು. ಅಲ್ಲಿ ‘ಸಿಂಪಲ್’ ಎಂಬ ಆಯ್ಕೆಯೂ ಇದೆ. ಹೆಸರು ನೋಡಿ ಸುಲಭವೆಂದು ಅದನ್ನು ಒತ್ತಬೇಡಿ, ಅದರಲ್ಲಿ ಎರಡನೇ ಪ್ರತಿಯೇ ಇರುವುದಿಲ್ಲ.

ಲಿನಕ್ಸ್‌ನಲ್ಲಿ: ‘ಎಂಡಿಎಡಿಎಂ’ ಎಂಬ ಉಚಿತ ಸಾಧನ ಬಳಸುತ್ತಾರೆ. ಮೊದಲು ಡಿಸ್ಕುಗಳ ಪಟ್ಟಿ ತೆಗೆದು, ಯಾವುದು ಯಾವುದೆಂದು ಗಾತ್ರ ಮತ್ತು ಸೀರಿಯಲ್ ನಂಬರ್ ನೋಡಿ ಖಚಿತಪಡಿಸಿಕೊಳ್ಳಿ. ದೊಡ್ಡ ಅನಾಹುತಗಳು ಆಗುವುದು ಈ ಹಂತದಲ್ಲೇ. ನಂತರ ಮಟ್ಟ 1, ಡಿಸ್ಕು 2 ಎಂದು ತಿಳಿಸಿ ರೇಡ್ ರಚಿಸಬೇಕು, ಅದನ್ನು ಫಾರ್ಮ್ಯಾಟ್ ಮಾಡಬೇಕು, ಕಂಪ್ಯೂಟರು ಪ್ರತಿ ಸಲ ಶುರುವಾದಾಗಲೂ ತಾನಾಗಿ ಸಿಗುವಂತೆ ಸೆಟ್ಟಿಂಗ್ ಫೈಲಿನಲ್ಲಿ ಬರೆದಿಡಬೇಕು.

ಮ್ಯಾಕ್‌ನಲ್ಲಿ: ‘ಡಿಸ್ಕ್ ಯುಟಿಲಿಟಿ’ಯೊಳಗೆ ‘ರೇಡ್ ಅಸಿಸ್ಟೆಂಟ್’ ಸಿಗುತ್ತದೆ.

ಡಿಸ್ಕ್ ಕೊಳ್ಳುವಾಗ ‘ಸಿಎಂಆರ್’ ಬಗೆಯದೇ ಎಂದು ಕೇಳಿ ನೋಡಿ. ‘ಎಸ್‌ಎಂಆರ್’ ಬಗೆಯಲ್ಲಿ ಮಾಹಿತಿಯ ಪಟ್ಟಿಗಳನ್ನು ಹೆಂಚಿನಂತೆ ಒಂದರ ಮೇಲೊಂದು ಚಾಚಿ ಬರೆಯುತ್ತಾರೆ. ಸತತವಾಗಿ ಬರೆಯುವ ಕೆಲಸ ಬಿದ್ದಾಗ ಇವು ಬಹಳ ನಿಧಾನವಾಗುತ್ತವೆ. ಹಾಗೆಯೇ, ಅಲುಗಾಡುವ ಯುಎಸ್‌ಬಿ ಕೇಬಲಿನ ಡಿಸ್ಕುಗಳಲ್ಲಿ ರೇಡ್ ಮಾಡದಿರುವುದು ಒಳ್ಳೆಯದು. ಕೇಬಲ್ ಸಡಿಲವಾದರೂ ಡಿಸ್ಕ್ ಕೆಟ್ಟಿದೆ ಎಂದೇ ಕಂಪ್ಯೂಟರು ತಿಳಿಯುತ್ತದೆ. ಕರೆಂಟು ಪದೇ ಪದೇ ಹೋಗುವ ಊರಾದರೆ ಯುಪಿಎಸ್ ಇರಲಿ.

ಹಾಗಾದರೆ ಆ ಸಲಹೆಯಲ್ಲಿ ತಪ್ಪೇನು?

ಈಗ ನನ್ನ ಕತೆ. ಸ್ನಾತಕೋತ್ತರ ಪದವಿಯ ಪ್ರಾಜೆಕ್ಟಿಗೆಂದು ನನ್ನ ಅಜ್ಜಿ ಹಾಡುತ್ತಿದ್ದ ಮದುವೆ ಹಾಡುಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿದ್ದೆ. ಹನ್ನೊಂದು ಹಾಡು. ಫೋನಿನಿಂದ ಕಂಪ್ಯೂಟರಿಗೆ ಹಾಕಿ ನಿಶ್ಚಿಂತೆಯಾಗಿದ್ದೆ. ಎರಡು ಡಿಸ್ಕಿನ ರೇಡ್ 1 ನಾನೇ ಮಾಡಿಕೊಂಡಿದ್ದೆನಲ್ಲ! ಒಂದು ರಾತ್ರಿ ಒಂದೇ ಫೈಲಿನ ಎರಡೆರಡು ನಕಲುಗಳನ್ನು ಸ್ವಚ್ಛ ಮಾಡುತ್ತ ಕೂತವಳು, ಇದೂ ನಕಲೇ ಎಂದುಕೊಂಡು ಆ ಫೋಲ್ಡರನ್ನು ಶಾಶ್ವತವಾಗಿ ಅಳಿಸಿಬಿಟ್ಟೆ. ಗೊತ್ತಾಗಿದ್ದು ಮೂರು ವಾರದ ಮೇಲೆ. ಎರಡೂ ಡಿಸ್ಕುಗಳು ಚೆನ್ನಾಗಿಯೇ ಇದ್ದವು. ಎರಡರಲ್ಲೂ ಹಾಡುಗಳಿರಲಿಲ್ಲ.

ಕೊನೆಗೆ ನಾಲ್ಕು ಹಾಡು ಸಿಕ್ಕವು, ಯಾವತ್ತೋ ಚಿಕ್ಕಮ್ಮನಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದರಿಂದ. ಉಳಿದ ಏಳನ್ನು ಮತ್ತೆ ಹಾಡಿಸಿಕೊಳ್ಳಲು ಅಷ್ಟರಲ್ಲಿ ಅಜ್ಜಿ ಇರಲಿಲ್ಲ.

ರೇಡ್ ಅಂದು ಕೆಟ್ಟಿರಲಿಲ್ಲ. ಹೇಳಿದ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿತ್ತು. ಕನ್ನಡಿಯ ಮುಂದೆ ನಿಂತು ಹಣೆಯ ಕುಂಕುಮ ಒರೆಸಿಕೊಂಡರೆ ಕನ್ನಡಿಯೊಳಗಿನದೂ ಹೋಗುತ್ತದೆ. ನೀವು ಅಳಿಸಿದರೆ ಎರಡೂ ಕಡೆ ಅಳಿಯುತ್ತದೆ. ರ್‍ಯಾನ್ಸಮ್‌ವೇರ್ ಬಂದು ಫೈಲುಗಳಿಗೆ ಬೀಗ ಹಾಕಿದರೆ ಎರಡೂ ಕಡೆ ಬೀಗ ಬೀಳುತ್ತದೆ. ಎರಡೂ ಡಿಸ್ಕುಗಳಿರುವುದು ಒಂದೇ ಡಬ್ಬಿಯಲ್ಲಿ, ಒಂದೇ ವಿದ್ಯುತ್ ಸಂಪರ್ಕದಲ್ಲಿ. ಸಿಡಿಲು ಬಡಿದರೆ, ಕಳ್ಳತನವಾದರೆ, ಮನೆಗೆ ನೀರು ನುಗ್ಗಿದರೆ ಎರಡೂ ಒಟ್ಟಿಗೆ ಹೋಗುತ್ತವೆ.

ದೊಡ್ಡವರಿಗೂ ಹೀಗಾಗಿದೆ. 1998ರಲ್ಲಿ ಪಿಕ್ಸಾರ್ ಸಂಸ್ಥೆ ‘ಟಾಯ್ ಸ್ಟೋರಿ 2’ ಸಿನಿಮಾ ತಯಾರಿಸುತ್ತಿದ್ದಾಗ ಯಾರೋ ಕೊಟ್ಟ ಒಂದು ತಪ್ಪು ಅಳಿಸುವ ಆದೇಶದಿಂದ ಸಿನಿಮಾದ ಸುಮಾರು ಶೇ 90ರಷ್ಟು ಫೈಲುಗಳು ಹೋದವು. ಬ್ಯಾಕಪ್ ಇತ್ತಲ್ಲ ಎಂದು ನೋಡಿದರೆ ಅದೂ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಸಿನಿಮಾ ಉಳಿದದ್ದು ತಾಂತ್ರಿಕ ನಿರ್ದೇಶಕಿ ಗ್ಯಾಲಿನ್ ಸಸ್ಮನ್ ಅವರ ಮನೆಯ ಕಂಪ್ಯೂಟರಿನಿಂದ. ಮಗು ಹುಟ್ಟಿದ ಮೇಲೆ ಮನೆಯಿಂದ ಕೆಲಸ ಮಾಡಲೆಂದು ಅವರು ಅಲ್ಲೊಂದು ಪ್ರತಿ ಇಟ್ಟುಕೊಂಡಿದ್ದರು. ಬೇರೆ ಜಾಗದಲ್ಲಿದ್ದ, ಅಳಿಸುವ ಆದೇಶ ತಲುಪದ ಪ್ರತಿ ಅದು. ನನಗೆ ಚಿಕ್ಕಮ್ಮನ ಫೋನ್ ಮಾಡಿದ ಉಪಕಾರವೂ ಇದೇ.

ಫೋನಿನಲ್ಲೂ ಇದೇ ಗೊಂದಲವಿದೆ. ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆದ ಫೋಟೋವನ್ನು ಆ ಆ್ಯಪ್‌ನಿಂದ ಅಳಿಸಿದರೆ ಕ್ಲೌಡ್‌ನಿಂದಲೂ ಅಳಿಯುತ್ತದೆ. 60 ದಿನ ಕಸದ ಬುಟ್ಟಿಯಲ್ಲಿದ್ದು ಆಮೇಲೆ ಪೂರ್ತಿ ಹೋಗುತ್ತದೆ. ಅದೂ ಒಂದು ಬಗೆಯ ಕನ್ನಡಿಯೇ.

ಡಿಸ್ಕ್ ಕೆಟ್ಟಾಗ ಏನಾಗುತ್ತದೆ?

ರೇಡ್ 1ರಲ್ಲಿ ಒಂದು ಡಿಸ್ಕ್ ಕೆಟ್ಟರೆ ಕಂಪ್ಯೂಟರು ಏನೂ ಆಗಿಲ್ಲವೆಂಬಂತೆ ನಡೆಯುತ್ತದೆ. ಅದು ಅನುಕೂಲವೂ ಹೌದು, ಅಪಾಯವೂ ಹೌದು. ಯಾರೂ ಗಮನಿಸದೆ ತಿಂಗಳುಗಟ್ಟಲೆ ಒಂದೇ ಡಿಸ್ಕಿನ ಮೇಲೆ ಓಡುತ್ತಿರಬಹುದು. ಲಿನಕ್ಸ್‌ನ ಸ್ಥಿತಿ ತೋರಿಸುವ ಫೈಲಿನಲ್ಲಿ ಎರಡು ‘ಯು’ ಅಕ್ಷರಗಳು ಕಂಡರೆ ಎರಡೂ ಸರಿ ಇವೆ. ಒಂದರ ಜಾಗದಲ್ಲಿ ಅಡ್ಡಗೆರೆ ಕಂಡರೆ ಆ ಡಿಸ್ಕ್ ಹೋಗಿದೆ. ಕೆಟ್ಟ ತಕ್ಷಣ ಇಮೇಲ್ ಬರುವಂತೆಯೂ ಮಾಡಿಕೊಳ್ಳಬಹುದು. ವಿಂಡೋಸ್‌ನಲ್ಲಿ ಸ್ಟೋರೇಜ್ ಸ್ಪೇಸಸ್ ಪುಟವೇ ತೋರಿಸುತ್ತದೆ. ತಿಂಗಳಿಗೊಮ್ಮೆಯಾದರೂ ನೋಡಿ.

ಹೊಸ ಡಿಸ್ಕ್ ಹಾಕಿದ ಮೇಲೂ ಎಲ್ಲವನ್ನೂ ಮತ್ತೆ ನಕಲು ಮಾಡಲು ಹೊತ್ತು ಬೇಕು. ಸೆಕೆಂಡಿಗೆ 150 ಎಂಬಿಯಂತೆ ಬರೆದರೂ 4 ಟಿಬಿಗೆ ಸುಮಾರು ಏಳೂವರೆ ಗಂಟೆ. ಅಷ್ಟು ಹೊತ್ತು ಹಳೆಯ ಡಿಸ್ಕ್ ಬಿಡುವಿಲ್ಲದೆ ಓದಿಸಿಕೊಳ್ಳಬೇಕು. ಎರಡನ್ನೂ ಒಂದೇ ದಿನ, ಒಂದೇ ಅಂಗಡಿಯಲ್ಲಿ, ಒಂದೇ ಬ್ಯಾಚಿನಲ್ಲಿ ಕೊಂಡಿದ್ದರೆ ಎರಡಕ್ಕೂ ವಯಸ್ಸಾಗಿರುವುದು ಒಟ್ಟಿಗೇ. ಸಾಧ್ಯವಾದರೆ ಬೇರೆ ಬೇರೆ ಬ್ಯಾಚಿನವನ್ನು ಕೊಳ್ಳಿ.

ಹಾಗಾದರೆ ನಾವೇನು ಮಾಡಬೇಕು?

ಛಾಯಾಗ್ರಾಹಕ ಪೀಟರ್ ಕ್ರೋಗ್ ಜನಪ್ರಿಯಗೊಳಿಸಿದ 3-2-1 ಎಂಬ ಸುಲಭ ಸೂತ್ರವಿದೆ. ಮುಖ್ಯವಾದ ಯಾವುದಕ್ಕೇ ಆಗಲಿ ಮೂರು ಪ್ರತಿ ಇರಲಿ, ಅವು ಎರಡು ಬೇರೆ ಬಗೆಯ ಸಾಧನಗಳಲ್ಲಿರಲಿ, ಒಂದು ಪ್ರತಿ ಮನೆಯಿಂದ ಹೊರಗಿರಲಿ. ಇಡೀ ರೇಡನ್ನು ಈ ಲೆಕ್ಕದಲ್ಲಿ ಒಂದೇ ಪ್ರತಿ ಎಂದು ಎಣಿಸಿ.

ಮನೆಯ ಮಟ್ಟಿಗೆ ಹೀಗೆ ಮಾಡಬಹುದು. ಕಂಪ್ಯೂಟರಿನಲ್ಲಿ ಒಂದು ಪ್ರತಿ. ತಿಂಗಳಿಗೊಮ್ಮೆ ನಕಲು ಮಾಡಿ, ಕೇಬಲ್ ಕಿತ್ತು ಬೀರುವಿನಲ್ಲಿಡುವ ಎಕ್ಸ್‌ಟರ್ನಲ್ ಡಿಸ್ಕಿನಲ್ಲಿ ಇನ್ನೊಂದು. ಕ್ಲೌಡ್‌ನಲ್ಲೋ ಬೇರೆ ಊರಿನ ಅಣ್ಣನ ಮನೆಯಲ್ಲೋ ಮತ್ತೊಂದು. ಕೇಬಲ್ ಕಿತ್ತಿಡುವುದು ಮುಖ್ಯ. ವೈರಸ್ಸಿಗೂ ನಮ್ಮ ಕೈತಪ್ಪಿಗೂ ಅದು ಸಿಗುವುದಿಲ್ಲ. ಆಗಾಗ ಆ ಪ್ರತಿಯಿಂದ ಎರಡು ಮೂರು ಫೈಲು ತೆರೆದು ನೋಡಿ.

ದುಡ್ಡಿರುವುದು ಇನ್ನೊಂದೇ ಡಿಸ್ಕಿಗೆ ಎಂದಾದರೆ ಏನು ಮಾಡಬೇಕು? ಮನೆಯ ಫೋಟೋಗಳ ವಿಷಯದಲ್ಲಿ ನನ್ನ ಸಲಹೆ ನೇರ: ರೇಡ್ ಬೇಡ, ಆ ಡಿಸ್ಕನ್ನು ಬ್ಯಾಕಪ್ಪಿಗೆ ಬಳಸಿ. ಡಿಸ್ಕ್ ಕೆಟ್ಟರೂ ಒಂದು ನಿಮಿಷ ಕೆಲಸ ನಿಲ್ಲಬಾರದು ಎನ್ನುವವರಿಗೆ, ಉದಾಹರಣೆಗೆ ಫೋಟೋ ಸ್ಟುಡಿಯೋ ನಡೆಸುವವರಿಗೆ, ರೇಡ್ ಬೇಕು. ಅದರ ಜೊತೆಗೆ ಬ್ಯಾಕಪ್ಪೂ ಬೇಕು.

ಒಟ್ಟಿನಲ್ಲಿ

ರೇಡ್ 1 ಮಾಡಿದರೆ ಒಂದು ಡಿಸ್ಕ್ ಕೆಟ್ಟರೂ ಮಾಹಿತಿ ಉಳಿಯುತ್ತದೆ: ನಿಜ.
ಮನೆಯ ಕಂಪ್ಯೂಟರಿನಲ್ಲಿ ಹೆಚ್ಚುವರಿ ಕಾರ್ಡ್ ಇಲ್ಲದೆ ಮಾಡಬಹುದು: ನಿಜ.
ಯಾವ ರೇಡ್ ಆದರೂ ಸುರಕ್ಷಿತ: ಸುಳ್ಳು.
ರೇಡ್ ಇದ್ದರೆ ಬ್ಯಾಕಪ್ ಬೇಡ: ಸುಳ್ಳು.

ಆ ಸಲಹೆ ನಿಮ್ಮ ಗುಂಪಿಗೂ ಬಂದಿದ್ದರೆ, ಅದರ ಕೆಳಗೇ ಇದನ್ನೂ ಕಳಿಸಿ. ಕಳಿಸುವ ಮೊದಲು ನಿಮಗೆ ತುಂಬ ಬೇಕಾದ ಒಂದು ಫೋಟೋ ಅಥವಾ ದನಿಯನ್ನು ನೆನಪಿಸಿಕೊಂಡು, ಅದು ಈಗ ಎಷ್ಟು ಕಡೆ ಇದೆ ಎಂದು ಎಣಿಸಿ ನೋಡಿ. ಒಂದೇ ಕಡೆ ಇದ್ದರೆ ಇವತ್ತೇ ಇನ್ನೊಂದು ಕಡೆ ಹಾಕಿ.