ಹಳೇ ಮಾರುತಿ ಕೊಳ್ಳುವ ಮುನ್ನ

ಬಣ್ಣ ಮಾಸಿದೆ, ಬಂಪರ್‌ಗೆ ತಂತಿ ಬಿಗಿದಿದೆ. ಆದರೂ ಸಂತೆಗೆ, ಸ್ಟೇಷನ್ನಿಗೆ ಓಡಾಡಲು ಹಳೇ ಮಾರುತಿ 800 ಇಂದಿಗೂ ಸಾಕು. 1983ರಲ್ಲಿ ರಸ್ತೆಗಿಳಿದು 2014ರವರೆಗೆ ತಯಾರಾದ ಈ ಕಾರಿನ 796 ಸಿಸಿ ಎಂಜಿನ್ ಊರ ಮೆಕ್ಯಾನಿಕ್‌ಗಳಿಗೆ ಹೊಸದೇನಲ್ಲ.

ಮೊದಲು ನೋಡಬೇಕಾದದ್ದು ಎಂಜಿನ್ ಅಲ್ಲ, ತುಕ್ಕು. ಮ್ಯಾಟ್ ಎತ್ತಿ, ಚಾಲಕನ ಕಾಲಡಿಯ ತಗಡನ್ನು ಹೆಬ್ಬೆರಳಿನಿಂದ ಒತ್ತಬೇಕು. ಚಕ್ಕೆ ಎದ್ದು ಕೆಳಗಿನ ರಸ್ತೆ ಕಂಡರೆ ಬೇಡವೇ ಬೇಡ. ಕರಾವಳಿಯ ಉಪ್ಪುಗಾಳಿ ತಿಂದ ಗಾಡಿಗಳಲ್ಲಂತೂ ಇದನ್ನು ಮರೆಯಲೇಬಾರದು. ಕ್ಲಚ್, ಕಾರ್ಬೊರೇಟರ್ ರಿಪೇರಿ ಹೇಗೋ ನಿಭಾಯಿಸಬಹುದು. ಟಿಂಕರಿಂಗ್ ಖರ್ಚು ಕಾರಿನ ಬೆಲೆಯನ್ನೇ ಮೀರಬಹುದು.

ಇನ್ನು ಕಾಗದಪತ್ರ. 15 ವರ್ಷ ದಾಟಿದ ಕಾರನ್ನು ತಪಾಸಣೆಗೆ ಒಡ್ಡಿ, ಆರ್‌ಸಿಯನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕು. ‘ಆಮೇಲೆ ಮಾಡಿಸ್ಕೊಳ್ಳಿ ಸಾರ್’ ಎಂದು ದಾಟಿಸುವವರುಂಟು. ಆ ಖರ್ಚನ್ನು ಬೆಲೆಯಲ್ಲೇ ಮುರಿದುಕೊಳ್ಳುವುದು ವಾಸಿ.